ಹತ್ತು ನಿಮಿಷದ ಮರ್ಯಾದೆ

ಎರಡು ದೊಡ್ಡ ದೇಶಗಳು ಕಾದಾಡುತ್ತಿದ್ದವು. ಕಡಲಂಚಿನ ಆ ಪುಟ್ಟ ರಾಜ್ಯ ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಕೂತಿತ್ತು. ಒಂದು ದೇಶದ ರಾಯಭಾರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಆವತ್ತು ದಿವಾನರ ಮನೆಗೇ ನುಗ್ಗಿ, ಕಾಲ ಮೇಲೆ ಕಾಲು ಹಾಕಿ ಕೂತು ಗದರಿದ.

“ತಟಸ್ಥರಂತೆ ತಟಸ್ಥರು! ಹೇಡಿಗಳ ಮಾತು ಅದು. ನಾಳೆಯಿಂದ ನಿಮ್ಮ ಬಂದರಿನಲ್ಲಿ ನಮ್ಮ ಯುದ್ಧನೌಕೆಗಳು ನಿಲ್ಲಬೇಕು. ಆ ಶತ್ರುವಿನ ರಾಯಭಾರಿಯನ್ನು ಓಡಿಸಬೇಕು.”

ದಿವಾನರು ಒಳಗೆ ತಿರುಗಿ ಕಣ್ಸನ್ನೆ ಮಾಡಿದರು. ಬೆಳ್ಳಿ ತಟ್ಟೆಯಲ್ಲಿ ತಾಂಬೂಲ ಬಂತು. ಎದ್ದು ನಿಂತು, ಎರಡೂ ಕೈಯಿಂದ ಕೊಟ್ಟರು.

ರಾಯಭಾರಿ ಬೀಗಿದ. ಹೆದರಿಸಿದರೆ ಈ ಜನ ಹೀಗೇ ಬಾಗುವುದು! ನಿನ್ನೆ ಆ ಶತ್ರುವಿನವನು ಎರಡು ಗಂಟೆ ಕೂತರೂ ಸಿಕ್ಕಿದ್ದು ಬರೀ ಕಾಫಿ, ಉಪ್ಪಿಟ್ಟು.

ಮನೆಗೆ ಬಂದವನೇ ಎಲೆ, ಅಡಿಕೆ, ತೆಂಗಿನಕಾಯಿಯನ್ನು ಮೇಜಿನ ಮೇಲೆ ಹರಡಿ, ಆ ಊರಿನವನೇ ಆದ ಅಡುಗೆಯವನನ್ನು ಕರೆದ.

“ನೋಡೋ, ನಿಮ್ಮ ದಿವಾನ ನನಗೆ ಮಾಡಿದ ಮರ್ಯಾದೆ! ಕೂತು ಹತ್ತು ನಿಮಿಷ ಆಗಿರಲಿಲ್ಲ.”

“ಕಾಫಿ ಕೊಟ್ರಾ ಬುದ್ಧಿ?”

“ಇಲ್ಲ. ನೇರವಾಗಿ ಇದೇ!”

ಅಡುಗೆಯವನು ಅಟ್ಟ ಹತ್ತಿ, ರಾಯಭಾರಿಯ ಪ್ರಯಾಣದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸತೊಡಗಿದ.