ಡಬ್ಬಾ ಭಜನಿಗೆ ಹೆಸರು ಬಿದ್ದದ್ದು

ಡೋಲಕಿ ಕೊಳ್ಳಲು ರೊಕ್ಕವಿಲ್ಲದೆ ಎಣ್ಣೆ ಡಬ್ಬಾ ಬಾರಿಸಿದೆವು, ಅದಕ್ಕೇ ನಮ್ಮ ಭಜನಾ ಮೇಳ ‘ಡಬ್ಬಾ ಭಜನಿ’ ಆಯಿತು ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಸೋಲಾಪುರದ ವೇದಿಕೆಗಳಲ್ಲಿ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಅಪ್ಪ ಬಾರಿಸುತ್ತಿದ್ದ ಡೋಲಕಿ ಇತ್ತು, ಅಕ್ಕಲಕೋಟದ ನಮ್ಮ ಪಡಸಾಲೆಯ ಗೂಟಕ್ಕೇ ತೂಗುತ್ತಿತ್ತು. ಕುಸುಬಿ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ನಾನಾಗ ಶಾಲೆಯಲ್ಲಿ ಮೂರನೇ ಇಯತ್ತೆ. ಅಪ್ಪ ತೀರಿಕೊಂಡು ತಿಂಗಳಾಗಿರಲಿಲ್ಲ. ಭಜನೆಯವರು ಬಂದು ಕೂತಿದ್ದರು. ಕಾಕಾ ಡೋಲಕಿಗೆ ಕೈ ಚಾಚಿದ.

“ಅದು ಅವರ್ದು. ಮುಟ್ಟಬ್ಯಾಡಪಾ,” ಎಂದಳು ಅವ್ವ.

“ಹಂಗಾರ ಏನ್ ಬಾರಿಸ್ಲಿ ವೈನಿ, ನನ್ನ ತಲಿ?”

“ಒಳಗ ಎಣ್ಣಿ ಡಬ್ಬಾ ಐತಿ. ಅದನ್ನ ಬಡಕೋ.”

ಕಾಕಾ ಖಾಲಿ ಡಬ್ಬಾ ತಂದು ಬಡಿದ. ತಗಡಿನ ಜಿಡ್ಡು ಅವನ ಬೆರಳಿಗೆಲ್ಲ ಹತ್ತಿತು. ತಾಳ ಹಿಡಿದಿದ್ದ ಮುದುಕನೊಬ್ಬ, “ಏನಲೇ, ಡಬ್ಬಾ ಭಜನಿ ಚಾಲೂ ಮಾಡಿದೇನು?” ಎಂದ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ, ಅಳಲೂ ಇಲ್ಲ. ಮೊರದಲ್ಲಿ ಜೋಳ ಹಸನು ಮಾಡುತ್ತಲೇ ಇದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಕಲ್ಲು ಆರಿಸಿದೆ.

ಕಾಕಾ, ಅಷ್ಟು ಮಂದಿ ಮುಂದ ಅಪ್ಪನ ಹೆಸರು ಒಮ್ಮೆರ ಯಾಕ ತಗೋವಲ್ಲಿ?