ಇಳಿಜಾರು ದಂಡೆ

ಮೋಟು ಬಾಲದ ಕಪ್ಪೆಮರಿಯೊಂದು ಹೊಂಡದ ನೀರಿನಿಂದ ಹೊರಗೆ ಮುಂಗಾಲಿಟ್ಟಾಗ ಗದ್ದೆಪ್ಪ ಹೆಂಡತಿಯ ರಟ್ಟೆ ಹಿಡಿದು ನಿಲ್ಲಿಸಿದ. "ಅಲ್ನೋಡು, ಹತ್ತಾಕತ್ತದ."

ಗಬ್ಬೂರಿನ ಈ ಹೊಲಕ್ಕೆ ಗೋಪಮ್ಮ ಮೂರು ವರ್ಷದಿಂದ ಬಂದಿರಲಿಲ್ಲ. ಆಗ ಇದು ನಾಲ್ಕೂ ಬದಿ ಕಡಿದಾಗಿದ್ದ ಕೃಷಿ ಹೊಂಡ. ನೀರು ಇಂಗದಿರಲೆಂದು ಗದ್ದೆಪ್ಪನೇ ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದ. ಚೆಂಬು ತುಂಬಲು ಬಗ್ಗಿದ ಆರು ವರ್ಷದ ಮಗಳು ಸುಜಾತಾ ಅದರೊಳಗೆ ಜಾರಿದ್ದಳು. ಹಾಳೆಯ ತುಂಬ ಅವಳ ಉಗುರಿನ ಗೀರುಗಳಿದ್ದವು.

ಗದ್ದೆಪ್ಪ ಆ ಹಾಳೆಯನ್ನು ಕಿತ್ತೆಸೆದು, ಒಂದು ಬದಿಯನ್ನು ಅಗೆದು ಇಳಿಜಾರು ಮಾಡಿದ್ದ. ಜೊಂಡು ತಾನಾಗಿಯೇ ಬೆಳೆಯಿತು. ನೀರು ಕುಡಿಯಲು ಮುಂಗುಸಿ ಬಂತು, ಕೊಕ್ಕರೆ ಬಂತು. ಅವನು ಮಾತ್ರ ದಿನಾ ನೀರಿಗಿಳಿದು, ಮಗುವಿನಂತೆ ಅಂಬೆಗಾಲಿಟ್ಟು ಮೇಲೆ ಹತ್ತಿ ನೋಡುತ್ತಿದ್ದ.

ಕಪ್ಪೆಮರಿ ಒಮ್ಮೆಯೂ ಜಾರದೆ ಮೇಲೆ ಬಂದು ಗೋಪಮ್ಮನ ಕಾಲ ಬಳಿ ಕೂತಿತು.

"ನೋಡಿದೇನು? ಈಗ ಏನ್ ಬಿದ್ರೂ ತಾನ ಮ್ಯಾಲ ಬರ್ತದ."

ಗೋಪಮ್ಮ ಬಗ್ಗಿ, ಹಸಿ ಮಣ್ಣಿನ ಮೇಲೆ ಅಂಗೈಯಾಡಿಸಿದಳು. "ಈ ದಂಡಿ ಇಳಿಜಾರ ಮಾಡಾಕ ಎಷ್ಟ್ ದಿನ ಹಿಡೀತು?"

"ಬರೇ ಎರಡ ದಿನ," ಎಂದ ಗದ್ದೆಪ್ಪ, ಹೆಮ್ಮೆಯಿಂದ. ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು.