ಅಕ್ಕನ ಪಾಲಿನ ಮಲ್ಲಿಗೆ

ಸಾಬೂನಿನ ನೀರು ಒಣಮಣ್ಣಿಗೆ ಬಿದ್ದ ವಾಸನೆ ಬಂದರೆ ಈಗಲೂ ರೋಣದ ನಮ್ಮ ಹಿತ್ತಲು ನೆನಪಾಗುತ್ತದೆ. ಬಚ್ಚಲ ನೀರಿನಲ್ಲೇ ಅಲ್ಲಿ ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಅಬ್ಬಲಿಗೆ, ಚಳಿಗೆ ಸೇವಂತಿಗೆ ಅರಳುತ್ತಿದ್ದವು. ಮದುವೆಯಾದ ಅಕ್ಕ ನರಗುಂದಕ್ಕೆ ಹೊರಟ ಮಧ್ಯಾಹ್ನ ಅವ್ವ ಮಲ್ಲಿಗೆ ಗಿಡವನ್ನು ಬೇರುಸಮೇತ ಅಗೆದು, ಹಸಿ ಗೋಣಿಚೀಲದಲ್ಲಿ ಸುತ್ತಿ ಅವಳ ಕೈಗಿಟ್ಟಳು.

“ಅಲ್ಲಿ ಕಾಲುವಿ ನೀರೈತಿ, ಚಲೋ ಬೆಳೀತೈತಿ. ಇಲ್ಲಿ ನಿನ್ನ ಜಳಕದ ನೀರು ಇನ್ನ ಬರೂದಿಲ್ಲ, ಒಣಗಿ ಹೋಗತೈತಿ” ಎಂದಳು.

“ಇಲ್ಲೇ ಇರ್ಲಿ ಬೇ ಯವ್ವಾ, ನಾ ದಿನಾ ಎರಡ ಸಲ ಜಳಕಾ ಮಾಡ್ತೀನಿ” ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಜೀಪು ಹೋಯಿತು. ಬೆಳಿಗ್ಗೆಯೇ ಜಳಕ ಮುಗಿಸಿದ್ದ ಅವ್ವ ಮತ್ತೆ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ಬಹಳ ಹೊತ್ತು ನೀರು ಹರಿದು ಬಂದು, ಮಲ್ಲಿಗೆ ಕಿತ್ತ ಗುಂಡಿಯಲ್ಲಿ ನಿಂತಿತು.